ಓವನ್‌ಗೆ ಹೋದ ವಾಘೋಲಿಯ ಹರಳು

ಪ್ರಶ್ನೆ: ವಾಘೋಲಿ ಕಡೆ ನೆಂಟರ ಜಾಗದಲ್ಲಿ ಬಾವಿ ತೋಡುವಾಗ ಎಳೆ ಕೇಸರಿ ಬಣ್ಣದ ಹರಳಿನ ಗೊಂಚಲು ಸಿಕ್ಕಿತು. ಗೊತ್ತಿರುವವರು ನೋಡಿ ಸ್ಟಿಲ್ಬೈಟ್, ಜಿಯೋಲೈಟ್ ಜಾತಿಯದು ಎಂದರು. ತೊಳೆದು, ಬೇಗ ಒಣಗಲಿ ಅಂತ ಓವನ್‌ನಲ್ಲಿ 250 ಡಿಗ್ರಿಗೆ ಒಂದು ಗಂಟೆ ಇಟ್ಟೆ. ತೆಗೆದಾಗ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮುಟ್ಟಿದರೆ ಪದರ ಏಳುತ್ತದೆ. ಕಲ್ಲು ಇಷ್ಟು ಬಿಸಿಯನ್ನೂ ತಡೆಯಲ್ವಾ? ನೀರಲ್ಲಿ ನೆನೆಸಿದರೆ ಮೊದಲಿನ ಹಾಗೆ ಆಗುತ್ತದಾ?
– ಓದುಗರೊಬ್ಬರು, ಖರಾಡಿ, ಪುಣೆ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಚುರುಕ್ ಎಂದಿತು. ಆ ಹೊಳಪು ಮತ್ತೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಹರಳು ಅಸಲಿ. ಅಸಲಿ ಆಗಿದ್ದಕ್ಕೇ ಹೀಗಾಯಿತು.

ಹೋದದ್ದು ನೀವು ತೊಳೆದ ನೀರು ಮಾತ್ರ ಅಲ್ಲ. ಹರಳು ಹುಟ್ಟುವಾಗಲೇ ಅದರ ಮೈಯೊಳಗೆ ಸೇರಿದ್ದ ನೀರೂ ಹೋಯಿತು. 100 ಗ್ರಾಂ ಸ್ಟಿಲ್ಬೈಟ್‌ನಲ್ಲಿ 17–18 ಗ್ರಾಂ ನೀರೇ ಇರುತ್ತದೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಇಂಥ ಕಲ್ಲಿಗೆ ಊದುಕೊಳವೆಯಿಂದ ಉರಿ ಹಿಡಿದಾಗ ಅದು ನೊರೆ ಎದ್ದು ಕುದಿಯಿತು. ಅದಕ್ಕೇ ಗ್ರೀಕ್ ಪದ ಜೋಡಿಸಿ ಜಿಯೋಲೈಟ್, ಅಂದರೆ ಕುದಿಯುವ ಕಲ್ಲು, ಎಂದು ಹೆಸರಿಟ್ಟರು.

ಈ ನೀರು ಹರಳಿನ ಕಟ್ಟಡಕ್ಕೇ ಬೇಕಾದದ್ದು. ಸಿಲಿಕಾನ್ ಮತ್ತು ಅಲ್ಯುಮಿನಿಯಂ ಒಂದೊಂದೂ ನಾಲ್ಕು ಆಮ್ಲಜನಕ ಹಿಡಿದುಕೊಂಡು, ಮೂಲೆಗೆ ಮೂಲೆ ಸೇರಿ ಜಾಲ ಕಟ್ಟುತ್ತವೆ. ನಡುವೆ ಸಣ್ಣ ಸಣ್ಣ ಓಣಿಗಳು. ಅಲ್ಯುಮಿನಿಯಂ ಇರುವಲ್ಲೆಲ್ಲ ಜಾಲಕ್ಕೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಓಣಿಯಲ್ಲಿ ಕ್ಯಾಲ್ಸಿಯಂ, ಸೋಡಿಯಂ ಕೂತಿರುತ್ತವೆ. ನೀರಿನ ಕಣಗಳು ಅವುಗಳ ಸುತ್ತ ನೆರೆದಿರುತ್ತವೆ. ಬಿಸಿ ಮಾಡಿದಾಗ ನೀರು ಎದ್ದು ಹೋಗುತ್ತದೆ. ಒಂಟಿಯಾದ ಕ್ಯಾಲ್ಸಿಯಂ ಗೋಡೆಯ ಆಮ್ಲಜನಕಕ್ಕೆ ಜೋತುಬೀಳುತ್ತದೆ. ಗೋಡೆ ಬಾಗುತ್ತದೆ, ಓಣಿ ಕಿರಿದಾಗುತ್ತದೆ. ಬಿಸಿ ಇನ್ನೂ ಏರಿದರೆ ಜಾಲದ ಕೊಂಡಿಗಳೇ ಕೆಲವು ಮುರಿಯುತ್ತವೆ. ಸ್ಟಿಲ್ಬೈಟ್‌ನಲ್ಲಿ ಇದು ನಡೆಯುವುದು ನಿಮ್ಮ ಓವನ್ ಮುಟ್ಟಿದ ಬಿಸಿಯ ಆಸುಪಾಸಿನಲ್ಲೇ.

ಎಲ್ಲ ಜಿಯೋಲೈಟ್‌ಗಳೂ ಇಷ್ಟು ಬೇಗ ಸೋಲುವುದಿಲ್ಲ. ಹ್ಯೂಲಾಂಡೈಟ್ ಮತ್ತು ಕ್ಲಿನಾಪ್ಟಿಲೊಲೈಟ್ ಎಂಬ ಅಣ್ಣತಮ್ಮಂದಿರ ಜಾಲ ಒಂದೇ ನಮೂನೆಯದು. 450 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಹ್ಯೂಲಾಂಡೈಟ್‌ನ ಜಾಲ ಹಾಳಾಗುತ್ತದೆ, ಕ್ಲಿನಾಪ್ಟಿಲೊಲೈಟ್ ಹಾಗೇ ಉಳಿಯುತ್ತದೆ. ಎರಡನೆಯದರಲ್ಲಿ ಸಿಲಿಕಾನ್ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಹ್ಯೂಲಾಂಡೈಟ್‌ನ ಕ್ಯಾಲ್ಸಿಯಂ ತೆಗೆದು ಪೊಟ್ಯಾಸಿಯಂ ಕೂರಿಸಿದರೆ ಅದೂ ಹೆಚ್ಚು ಬಿಸಿ ತಾಳುತ್ತದೆ. ಪೊಟ್ಯಾಸಿಯಂ ದಪ್ಪ. ನೀರು ಹೋದ ಮೇಲೂ ಓಣಿಗೆ ಆಸರೆಯಾಗಿ ನಿಲ್ಲುತ್ತದೆ.

ಪಾಠ ಮಾಡುವ ದಿನಗಳಲ್ಲಿ ನಾನು ಮಕ್ಕಳಿಗೆ ತಪ್ಪದೆ ತೋರಿಸುತ್ತಿದ್ದದ್ದು ಸ್ಕೋಲಿಸೈಟ್ ಎಂಬ ಜಿಯೋಲೈಟ್. ಸೂಜಿಯಂಥ ಬಿಳಿ ಹರಳು, ನಮ್ಮ ನಾಸಿಕ್ ಸೀಮೆಯಲ್ಲಿ ಚೆನ್ನಾಗಿ ಸಿಗುತ್ತದೆ. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರೆ ಮೊದಲು ತುದಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಕೆಂಡದ ಮೇಲಿಟ್ಟ ಹಪ್ಪಳದಂತೆ ಮೆಲ್ಲಗೆ ಸುರುಳಿ ಸುತ್ತುತ್ತದೆ. ಗ್ರೀಕ್‌ನಲ್ಲಿ ಸ್ಕೋಲೆಕ್ಸ್ ಎಂದರೆ ಹುಳ. ಹೆಸರು ಬಂದದ್ದೇ ಅಲ್ಲಿಂದ. ಗಾಜಿನ ಕೊಳವೆಯಲ್ಲಿ ಇಟ್ಟು ಕಾಯಿಸಿದರೆ ಮೇಲಿನ ತಣ್ಣನೆಯ ಭಾಗದಲ್ಲಿ ಸಣ್ಣ ಹನಿಗಳು ಕೂರುತ್ತವೆ. ಒಣಗಿದ ಕಲ್ಲಿನಿಂದ ಬಂದ ನೀರು! ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಿದ್ದರು.

ಇನ್ನು ಲಾಮೊಂಟೈಟ್ ಎಂಬ ಜಿಯೋಲೈಟ್‌ಗೆ ಓವನ್ನೂ ಬೇಡ. ಮುಂಬೈ ಕಾಂದಿವಲಿಯ ಕಲ್ಲುಗಣಿಯಿಂದ ಒಂದು ತಂದಿದ್ದೆ. ಮಳೆಗಾಲವೆಲ್ಲ ಗಟ್ಟಿಯಾಗೇ ಇತ್ತು. ಏಪ್ರಿಲ್‌ನಲ್ಲಿ ಪುಣೆಯ ಒಣಗಾಳಿ ಸಾಕಾಯಿತು, ಕಪಾಟಿನ ತಟ್ಟೆಯಲ್ಲಿ ರವೆಯ ಹಾಗೆ ಉದುರಿಬಿದ್ದಿತ್ತು. ನನಗೆ ಇವತ್ತಿಗೂ ಆ ಹರಳಿನ ನೆನಪಾದರೆ ಸಂಕಟ. ಹಾಗಾಗಿ ನಿಮ್ಮ ಬೇಜಾರು ನನಗೆ ಗೊತ್ತು.

ನೆನೆಸುವ ವಿಚಾರ. ಜಾಲ ಮುರಿಯುವಷ್ಟು ಕಾಯದ ಜಿಯೋಲೈಟ್ ಗಾಳಿಯ ತೇವವನ್ನೇ ಎಳೆದುಕೊಂಡು ಸುಧಾರಿಸುತ್ತದೆ. ನಿಮ್ಮದರಲ್ಲೂ ಒಳಭಾಗ ಸ್ವಲ್ಪ ಉಳಿದಿರಬಹುದು. ಆದರೆ ಬಿಟ್ಟ ಬಿರುಕು ಕೂಡುವುದಿಲ್ಲ, ನೀರಲ್ಲಿ ಮುಳುಗಿಸಿದರೆ ಪದರ ಇನ್ನೂ ಕಿತ್ತುಬರುತ್ತದೆ. ಸುಮ್ನೆ ತಟ್ಟೆಯಲ್ಲಿಟ್ಟು ಬಿಡಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಇವತ್ತೇ ತೂಗಿ ಬರೆದಿಡಿ. ವಾರಕ್ಕೊಮ್ಮೆ ಮತ್ತೆ ತೂಗಿ. ತೂಕ ಏರಿದರೆ ಅಷ್ಟು ನೀರು ಮನೆಗೆ ವಾಪಸ್ ಬಂದಿದೆ ಎಂದು ಲೆಕ್ಕ. ನನಗೂ ಬರೆದು ತಿಳಿಸಿ. ಇನ್ನು ಮುಂದೆ ಇಂಥ ಹರಳನ್ನು ಮೆತ್ತನೆ ಬ್ರಶ್‌ನಲ್ಲಿ ತೊಳೆದು, ಹತ್ತಿ ಬಟ್ಟೆಯ ಮೇಲೆ ನೆರಳಲ್ಲಿ ಆರಲು ಬಿಡಿ. ಹೇರ್ ಡ್ರೈಯರ್ ಕೂಡ ಬೇಡ.

ಪ್ರಶ್ನೆ: ಮೀನಿನ ತೊಟ್ಟಿಗೆ ಹಾಕುವ ಜಿಯೋಲೈಟ್ ಚೂರುಗಳನ್ನು ತವೆಯ ಮೇಲೆ ಹುರಿದರೆ ಮತ್ತೆ ಹೊಸದಾಗುತ್ತವೆ ಅಂತಾರೆ. ನಿಜವಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಲ್ಲ. ಅದು ಹೆಚ್ಚಾಗಿ ಕ್ಲಿನಾಪ್ಟಿಲೊಲೈಟ್. ತವೆಯ ಬಿಸಿಗೆ ಜಾಲ ಕೆಡುವುದಿಲ್ಲ, ನೀರು ಮಾತ್ರ ಆರುತ್ತದೆ. ಮೀನಿನ ಹೊಲಸಿನಿಂದ ಬಂದ ಅಮೋನಿಯಂ ಓಣಿಯಲ್ಲೇ ಕೂತಿರುತ್ತದೆ. ಅದನ್ನು ಎಬ್ಬಿಸಲು ಉಪ್ಪಿನಲ್ಲಿರುವ ಸೋಡಿಯಂ ಬೇಕು. ಚೂರುಗಳನ್ನು ಹೊರಗೆ ತೆಗೆದು ಒಂದು ರಾತ್ರಿ ಗಟ್ಟಿ ಉಪ್ಪುನೀರಲ್ಲಿ ಇಡಿ, ಸಿಹಿನೀರಲ್ಲಿ ಚೆನ್ನಾಗಿ ತೊಳೆದು ವಾಪಸ್ ಹಾಕಿ. ಜಿಯೋಲೈಟ್ ಒಳಗಿರುವಾಗ ತೊಟ್ಟಿಗೇ ಉಪ್ಪು ಹಾಕಬೇಡಿ, ಹಿಡಿದಿಟ್ಟದ್ದೆಲ್ಲ ಮೀನಿನ ನೀರಿಗೇ ಇಳಿಯುತ್ತದೆ.