ಓದುಗರ ಗ್ಯಾರೇಜು: ಬಾಬಿ ರಾಜ್‌ದೂತ್ ಸಿಕ್ಕಿದೆ, ಮುಂದೇನು?

ಪ್ರಶ್ನೆ: ನಮ್ಮೂರಿನ ಹಳೇ ಆಲೆಮನೆಯಲ್ಲಿ ಒಂದು ಬಾಬಿ ರಾಜ್‌ದೂತ್ ಬೈಕು ಹದಿನೈದು ವರ್ಷದಿಂದ ನಿಂತಿದೆ. ಎಂಜಿನ್ ಜಾಮ್, ಕಿಕ್ ಇಳಿಯುವುದೇ ಇಲ್ಲ. ಏನೇನು ನೋಡಿ ರೇಟು ಮಾತಾಡಬೇಕು?
– ಓದುಗರು, ಪಾಂಡವಪುರ

ಉತ್ತರ: ಜಾಮ್ ಆಗಿದೆ ಎಂದು ಹಿಂಜರಿಯಬೇಡಿ, ಚೌಕಾಸಿಗೆ ಅದೇ ಅನುಕೂಲ. ಎಸ್ಕಾರ್ಟ್ಸ್‌ನವರ ಈ ಪುಟ್ಟ ಜಿಟಿಎಸ್ 175ಕ್ಕೆ ಅಡ್ಡಹೆಸರು ಬಂದದ್ದು 1973ರ ‘ಬಾಬಿ’ ಸಿನಿಮಾದಿಂದ. ಒಳಗಿರುವುದು ಮಾತ್ರ ಹಾಲಿನ ಕ್ಯಾನು ಹೊತ್ತು ಹಳ್ಳಿ ಹಳ್ಳಿ ತಿರುಗಿದ ಮಾಮೂಲಿ ರಾಜ್‌ದೂತ್‌ನ 173 ಸಿಸಿ ಟೂ ಸ್ಟ್ರೋಕ್ ಎಂಜಿನ್ನೇ. ಪಿಸ್ಟನ್, ರಿಂಗ್, ಆಯಿಲ್ ಸೀಲ್ ಹುಡುಕಿದರೆ ಸಿಗುತ್ತವೆ. ಮೈಸೂರಿನ ಹಳೇ ಮೆಕ್ಯಾನಿಕ್‌ಗಳನ್ನು ಕೇಳಿ, ಇಲ್ಲದಿದ್ದರೆ ಬೆಂಗಳೂರಿನ ಜೆಸಿ ರಸ್ತೆ ಇದ್ದೇ ಇದೆ. ಸಿಗದಿರುವುದು ಟ್ಯಾಂಕು, ಸೀಟು, ಮಡ್‌ಗಾರ್ಡು, ಚಿಕ್ಕ ಚಕ್ರಗಳು. ಆದ್ದರಿಂದ ದುಡ್ಡು ಕೊಡುವುದು ಗಾಡಿಯ ಬಾಡಿ ಮತ್ತು ಕಾಗದಪತ್ರಕ್ಕೆ, ಎಂಜಿನ್‌ಗಲ್ಲ. ಆಲೆಮನೆಯ ಹಬೆಗೆ ತುಕ್ಕು ಒಳಗಿನಿಂದಲೇ ತಿಂದಿರುತ್ತದೆ. ಸೀಟು ಬಿಚ್ಚಿಸಿ ಫ್ರೇಮನ್ನು ಸ್ಪ್ಯಾನರ್‌ನಿಂದ ತಟ್ಟುತ್ತಾ ಹೋಗಿ. ಟಣ್ ಎನ್ನದೆ ಮಂಕು ಸದ್ದು ಬಂದ ಕಡೆ ಕಬ್ಬಿಣ ತೆಳುವಾಗಿದೆ, ಇಲ್ಲವೇ ಪುಟ್ಟಿ ತುಂಬಿದ್ದಾರೆ.

ಜಾಮ್ ಬಿಡಿಸಲು ಪ್ಲಗ್ ಬಿಚ್ಚಿ 25 ಮಿ.ಲೀ. ಡೀಸೆಲ್, 25 ಮಿ.ಲೀ. 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬೆರೆಸಿ ಸಿಲಿಂಡರ್‌ಗೆ ಸುರಿಯಿರಿ. ಮೂರು ನಾಲ್ಕು ದಿನ ಮುಟ್ಟಬೇಡಿ. ಆಮೇಲೆ ಮೂರನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಕಿಕ್ ಮೇಲೆ ಹತ್ತಿ ನಿಂತರೆ ಕಿಕ್ ಶಾಫ್ಟಿನ ಹಲ್ಲು ಹೋಗುತ್ತದೆ. ಬಿಟ್ಟುಕೊಂಡಿತು ಎಂಬ ಖುಷಿಯಲ್ಲಿ ಸ್ಟಾರ್ಟ್ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು: ಬೇರಿಂಗ್ ಒಳಗಿನ ತುಕ್ಕಿನ ಪುಡಿ ಹತ್ತು ನಿಮಿಷದಲ್ಲಿ ಕ್ರ್ಯಾಂಕನ್ನು (ಪಿಸ್ಟನ್ ತಿರುಗಿಸುವ ಶಾಫ್ಟು) ಮುಗಿಸುತ್ತದೆ. ಹೆಡ್ಡು, ಸಿಲಿಂಡರ್ ಎತ್ತಿ. ಕನೆಕ್ಟಿಂಗ್ ರಾಡ್ ಅಡ್ಡಡ್ಡ ಸ್ವಲ್ಪ ಅಲ್ಲಾಡುವುದು ಸಹಜ. ನೇರ ಮೇಲೆ ಕೆಳಗೆ ಲಟಕ್ ಎಂದರೆ ಕ್ರ್ಯಾಂಕ್ ಕೆಲಸ ಇದೆ.

ಸಿಲಿಂಡರ್ ಗೋಡೆಯ ಗೀರಿಗೆ ಉಗುರು ಸಿಕ್ಕಿಕೊಂಡರೆ ಬೋರಿಂಗ್ (ಸಿಲಿಂಡರ್ ಒಳಗನ್ನು ಕೊರೆದು ತುಸು ಅಗಲ ಮಾಡುವುದು) ಮಾಡಿಸಲೇಬೇಕು. ಮೊದಲು ಪಿಸ್ಟನ್ ತನ್ನಿ (0.25, 0.50 ಮಿ.ಮೀ. ಹೀಗೆ ಓವರ್‌ಸೈಜ್ ಬರುತ್ತದೆ), ಅದರ ಅಳತೆಗೆ ಲೇತಿನವರು ಬೋರ್ ಹೊಡೆಯಲಿ. ಬೋರ್ ಆದಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಬ್ಲೇಡಿನಂತೆ ಚೂಪಾಗಿರುತ್ತದೆ. ಅದನ್ನು ಸಣ್ಣ ಅರದಲ್ಲಿ ಸವರಿ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ‘ಹೊಸ ರಿಂಗ್ ಡೂಪ್ಲಿಕೇಟ್’ ಎಂದು ಅಂಗಡಿಯವನನ್ನು ಬೈಯುವವರು ಬಹುಪಾಲು ಇದನ್ನು ಮರೆತವರು. ರಿಂಗಿನ ಬಾಯಿ ಪಿಸ್ಟನ್ ಮೇಲಿನ ಪಿನ್ನಿಗೆ ಸರಿಯಾಗಿ ಕೂತಿದೆಯೇ ಎಂದು ಸಿಲಿಂಡರ್ ಇಳಿಸುವಾಗ ಎರಡು ಸಲ ನೋಡಿ.

ಪ್ರಶ್ನೆ: ನನ್ನ ಗಾಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಕಾರ್ಬೊರೇಟರ್ ಮೂರು ಸಲ ಬಿಚ್ಚಿಸಿದೆ. ಮೇಲಾಗಿ ವಿಪರೀತ ಹೊಗೆ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೇಬಲ್ ಹಿಡಿಯುತ್ತಿಲ್ಲ ಎಂದಾದರೆ ಇದು ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ಆಯಿಲ್ ಸೀಲಿನ ತೊಂದರೆ. ಮ್ಯಾಗ್ನೆಟ್ ಕಡೆಯ ಸೀಲು ಗಟ್ಟಿಯಾದರೆ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ, ರೇಸ್ ನಿಲ್ಲುವುದಿಲ್ಲ, ಪಿಸ್ಟನ್ ಸುಡುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಕುಡಿಯುತ್ತದೆ. ನೆಲದ ಮೇಲೆ ಒಂದು ಹನಿ ಸೋರಿಲ್ಲ, ಆದರೂ ಗೇರ್ ಆಯಿಲ್ ಇಳಿಯುತ್ತಿದೆಯೇ? ಹಾಗಿದ್ದರೆ ಅನುಮಾನವೇ ಬೇಡ. ಎರಡೂ ಸೀಲು ಒಟ್ಟಿಗೆ ಬದಲಿಸಿ. ಮ್ಯಾಗ್ನೆಟನ್ನು ಪುಲ್ಲರ್ ಹಾಕಿಯೇ ತೆಗೆಯಿರಿ. ಸುತ್ತಿಗೆ ಏಟಿಗೆ ಅಯಸ್ಕಾಂತದ ಶಕ್ತಿ ಕುಗ್ಗುತ್ತದೆ, ಕ್ರ್ಯಾಂಕ್ ವಾಲುತ್ತದೆ. ಹೇಗೂ ಬಿಚ್ಚಿದ್ದೀರಿ, ಪಾಯಿಂಟ್ (ಕಿಡಿಗೆ ಕರೆಂಟು ಕತ್ತರಿಸುವ ಸ್ವಿಚ್ಚು) ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಇಟ್ಟುಬಿಡಿ.

ಹೊಗೆಗೆ ಹೆದರಿ ಪೆಟ್ರೋಲಿಗೆ 2ಟಿ ಕಡಿಮೆ ಹಾಕಬೇಡಿ. ಲೀಟರಿಗೆ 40 ಮಿ.ಲೀ., ಬೋರಿಂಗ್ ಆದ ಮೊದಲ 500 ಕಿ.ಮೀ. 50 ಮಿ.ಲೀ.

ಪ್ರಶ್ನೆ: ಟ್ಯಾಂಕಿನೊಳಗೆ ತುಕ್ಕು. ಆಸಿಡ್ ಹಾಕಬಹುದೇ?
– ಓದುಗರು, ಮದ್ದೂರು

ಉತ್ತರ: ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ, ತೆಳು ತಗಡಿನಲ್ಲಿ ತೂತು ಬೀಳುತ್ತದೆ. ಕಾಕ್ ಬಿಚ್ಚಿ ತೂತು ಮುಚ್ಚಿ, ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಎಣಿಸಿ ಹೊರತೆಗೆಯಿರಿ. ಆಮೇಲೆ ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕತ್ತಿನವರೆಗೆ ತುಂಬಿ ಒಂದು ದಿನ ಬಿಡಿ. ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತಕ್ಷಣ 2ಟಿ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲ ಆಡಿಸಿ. ಒಂದು ರಾತ್ರಿ ತಡಮಾಡಿದರೂ ಮತ್ತೆ ಕೆಂಪಗಾಗುತ್ತದೆ. ಈಗಿನ ಎಥನಾಲ್ ಪೆಟ್ರೋಲ್ ನೀರು ಹೀರುವುದರಿಂದ, ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡಿ.

ಪ್ರಶ್ನೆ: ಆರ್‌ಸಿ ಕಳೆದಿದೆ, ಮಾಲೀಕರು ತೀರಿಕೊಂಡಿದ್ದಾರೆ. ವಿಂಟೇಜ್ ನಂಬರ್ ಮಾಡಿಸಬಹುದೇ?
– ಓದುಗರು, ಮಂಡ್ಯ

ಉತ್ತರ: 2021ರ ನಿಯಮದಂತೆ ವಿಂಟೇಜ್ ಎಂದರೆ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರಬೇಕು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಇರುತ್ತದೆ. ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಬಿಟ್ಟು ರಸ್ತೆಗೆ ತರುವಂತಿಲ್ಲ. ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿಬರುವ ಆಸೆ ಇದ್ದರೆ ಮಾಮೂಲಿ ನವೀಕರಣವೇ ಲೇಸು: ಫಾರಂ 25, ಐದು ವರ್ಷಕ್ಕೊಮ್ಮೆ. ಅದಕ್ಕೂ ಮುಂಚೆ ಪೊಲೀಸ್ ಠಾಣೆಯಲ್ಲಿ ಆರ್‌ಸಿ ಕಳೆದ ದೂರು ಕೊಟ್ಟು ಫಾರಂ 26ರಲ್ಲಿ ಡೂಪ್ಲಿಕೇಟ್, ವಾರಸುದಾರರ ಹೆಸರಿಗೆ ಫಾರಂ 31, ಅವರಿಂದ ನಿಮಗೆ 29 ಮತ್ತು 30. ಹಳೇ ನಂಬರು ಕಂಪ್ಯೂಟರಿಗೆ ಹತ್ತಿರದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಬೇಕು. ಇಷ್ಟೂ ಸಾಧ್ಯ ಎಂದು ಆರ್‌ಟಿಒ ಕಚೇರಿಯಲ್ಲಿ ಖಚಿತವಾಗುವವರೆಗೆ ಪೂರ್ತಿ ಹಣ ಕೊಡಬೇಡಿ. ಪೇಂಟಿಂಗ್‌ಗೆ ಕೊಡುವಾಗ ಚಾಸಿ ನಂಬರಿನ ಮೇಲೆ ಟೇಪ್ ಅಂಟಿಸಿ. ಪೌಡರ್ ಕೋಟಿಂಗ್ ದಪ್ಪಗೆ ಕೂತು ಅಂಕಿ ಮುಚ್ಚಿದರೆ ಪೆನ್ಸಿಲ್ ಪ್ರಿಂಟ್ (ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು) ಬರುವುದಿಲ್ಲ, ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಗಾಡಿ ಚಿಕ್ಕದಿದೆಯಲ್ಲ, ಹದಿನಾರರ ಮಗನಿಗೆ ಓಡಿಸಲು ಕೊಡಬಹುದೇ?
– ಓದುಗರು, ನಂಜನಗೂಡು

ಉತ್ತರ: ಕೂಡದು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ಪಾಯಿಂಟ್ ಉಜ್ಜಲು, ಸ್ಪೋಕ್ ಒರೆಸಲು ಹಚ್ಚಿ.