ಮುಖಕ್ಕೆ ಹಚ್ಚೋ ಸೀರಮ್ ಬಾಟಲಿ ಮೇಲೆ ‘ಶುಗರ್ ಕೇನ್ ಎಕ್ಸ್‌ಟ್ರ್ಯಾಕ್ಟ್’ ಅಂತ ಯಾಕಿರುತ್ತೆ? ಅದರ ಬದಲು ಮನೆಯಲ್ಲೇ ಕಬ್ಬಿನ ಹಾಲು ಹಚ್ಚಿದರೆ ಸಾಲದಾ?

ಸಾಲದು. ಕಬ್ಬಿನ ಸಾರವನ್ನು ಮುಖ್ಯವಾಗಿ ಅದರಲ್ಲಿರೋ ಗ್ಲೈಕೋಲಿಕ್ ಆಸಿಡ್‌ಗಾಗಿ ಹಾಕುತ್ತಾರೆ. ಅದರ ಅಣು ತುಂಬಾ ಚಿಕ್ಕದು, ಚರ್ಮದೊಳಕ್ಕೆ ಬೇಗ ಇಳಿದು ಮೇಲಿನ ಸತ್ತ ಜೀವಕೋಶಗಳ ಹಿಡಿತ ಸಡಿಲಿಸುತ್ತದೆ, ಅದಕ್ಕೇ ಮುಖ ನುಣುಪಾಗಿ ಕಾಣೋದು. ಗಾಣದಿಂದ ತಂದ ಕಬ್ಬಿನ ಹಾಲಿನಲ್ಲಿ ಇದು ತೀರಾ ಕಡಿಮೆ. ಉಳಿದದ್ದು ನೀರು, ಸಕ್ಕರೆ. ಹಚ್ಚಿಕೊಂಡರೆ ಸುಮ್ನೆ ಅಂಟಂಟು, ಮೇಲೆ ನೊಣ ಬೇರೆ!

ಅಂದಹಾಗೆ, ‘ಗ್ಲೈಕೋಲಿಕ್ ಆಸಿಡ್ 10%’ ಅಂತ ಬರೆದಿರೋ ಸೀರಮ್‌ಗಳಲ್ಲಿ ಇರೋದು ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದದ್ದು, ಕಬ್ಬಿನದಲ್ಲ. ಎರಡೂ ಒಂದೇ ಅಣು ಅಲ್ವಾ, ‘ನ್ಯಾಚುರಲ್’ ಅನ್ನೋ ಒಂದೇ ಪದಕ್ಕೆ ಜಾಸ್ತಿ ದುಡ್ಡು ಸುರೀಬೇಡಿ. ಚರ್ಮ ಒಣಗದಂತೆ ಕ್ರೀಮ್, ಸೀರಮ್‌ಗಳಿಗೆ ಹಾಕೋ ಎಣ್ಣೆಯಂಥ ಸ್ಕ್ವಾಲೇನ್ ಕಥೆ ಬೇರೆ: ಹಿಂದೆ ಹೆಚ್ಚಾಗಿ ಶಾರ್ಕ್ ಮೀನಿನ ಲಿವರ್ ಎಣ್ಣೆಯಿಂದ ತೆಗೆಯುತ್ತಿದ್ದರು, ಈಗ ಬ್ರೆಜಿಲ್‌ನಲ್ಲಿ ಕಬ್ಬಿನ ಸಕ್ಕರೆಯನ್ನು ಯೀಸ್ಟ್ ಹಾಕಿ ಹುದುಗಿಸಿಯೂ ಮಾಡುತ್ತಾರೆ.

ಆಸಿಡ್ ಇರೋದನ್ನು ರಾತ್ರಿ ಹಚ್ಚಿ, ಹಗಲು ಸನ್‌ಸ್ಕ್ರೀನ್ ಮರೀಬೇಡಿ.