ಬ್ಯಾಚ್ ಡೇಟಾ: ಅಳಿಸುವ ಮುನ್ನ

ಪ್ರಶ್ನೆ: ನಮ್ಮದು ಔಷಧ ತಯಾರಿಕಾ ಘಟಕ. ಮೂರು ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆ), ಸುಮಾರು 300 ಟ್ಯಾಗ್ (ಒಂದೊಂದು ಸೆನ್ಸರ್ ಅಥವಾ ವಾಲ್ವಿನ ಅಳತೆಗೆ ಇಟ್ಟ ಹೆಸರು); ಪ್ರತಿಯೊಂದಕ್ಕೂ ಸೆಕೆಂಡಿಗೊಂದು ರೀಡಿಂಗ್. ಸರ್ವರ್ ಡಿಸ್ಕ್ ತುಂಬುತ್ತಿದೆ. ವರ್ಷಕ್ಕಿಂತ ಹಳೆಯದಕ್ಕೆ 10 ನಿಮಿಷದ ಸರಾಸರಿ ಇಟ್ಟುಕೊಂಡು ಮೂಲ ಡೇಟಾ ಅಳಿಸಬಹುದೇ?
— ಓದುಗರು, ನಂಜನಗೂಡು

ಉತ್ತರ: ಖಂಡಿತ ಬೇಡ. 80 ಡಿಗ್ರಿಯಲ್ಲಿದ್ದ ರಿಯಾಕ್ಟರ್ 40 ಸೆಕೆಂಡು 88ಕ್ಕೆ ಏರಿ ಇಳಿಯಿತು ಎನ್ನಿ. 10 ನಿಮಿಷದ ಸರಾಸರಿಯಲ್ಲಿ ಅದು 80.5 ಎಂದಷ್ಟೇ ಕಾಣುತ್ತದೆ. ಆ ಬ್ಯಾಚಿನಲ್ಲಿ ಇಂಪ್ಯೂರಿಟಿ (ಕಲ್ಮಶ) ಯಾಕೆ ಹೆಚ್ಚಾಯಿತು ಎಂದು ಮುಂದೆ ಹುಡುಕುವವರಿಗೆ ಬೇಕಾಗುವುದು ಆ 40 ಸೆಕೆಂಡುಗಳೇ.

ಜಾಗದ ಲೆಕ್ಕ ನೋಡಿ. ದಿನಕ್ಕೆ 2.59 ಕೋಟಿ ರೀಡಿಂಗ್. ಸಮಯಕ್ಕೆ 8, ಮೌಲ್ಯಕ್ಕೆ 8 ಬೈಟ್ ಹಿಡಿದರೆ ವರ್ಷಕ್ಕೆ ಸುಮಾರು 150 ಜಿಬಿ. ಇಂಡೆಕ್ಸ್ ಸೇರಿ ದುಪ್ಪಟ್ಟಾದರೂ ಇಂದಿನ ಡಿಸ್ಕಿಗೆ ಅದು ದೊಡ್ಡದಲ್ಲ. ಉಳಿಸಲೇಬೇಕೆಂದರೆ ಇನ್ನು ಮುಂದೆ ಬರುವ ರೀಡಿಂಗ್‌ಗಳಿಗೆ ಡೆಡ್‌ಬ್ಯಾಂಡ್ ಹಾಕಿ, ಅಂದರೆ ಹಿಂದೆ ಬರೆದ ಮೌಲ್ಯಕ್ಕಿಂತ ನಿಗದಿತ ಮಿತಿ ಮೀರಿ ಬದಲಾದಾಗ ಮಾತ್ರ ಹೊಸ ರೀಡಿಂಗ್ ಬರೆಸಿ. ಸೆನ್ಸರ್ ನಿಖರತೆ ±0.5 ಡಿಗ್ರಿ ಇದ್ದರೆ 0.2 ಸಾಕು. ಬದಲಾವಣೆ ಇಲ್ಲದಿದ್ದರೂ 10 ನಿಮಿಷಕ್ಕೊಮ್ಮೆ ಒಂದು ರೀಡಿಂಗ್ ಬರೆಸಿ. ಇಲ್ಲವಾದರೆ ತಾಪಮಾನ ಸ್ಥಿರವಾಗಿತ್ತೋ, ಕೇಬಲ್ ಕಡಿದಿತ್ತೋ ಗೊತ್ತಾಗದು. ವಾಲ್ವ್ ಟ್ಯಾಗ್‌ಗಳನ್ನು ‘ಸ್ಟೆಪ್’ (ನಡುವಿನ ಮೌಲ್ಯವಿಲ್ಲದೆ ಒಮ್ಮೆಗೇ ಬದಲಾಗುವುದು) ಎಂದು ಗುರುತಿಸಿ. ಮರೆತರೆ ಟ್ರೆಂಡ್‌ನಲ್ಲಿ (ರೀಡಿಂಗ್‌ಗಳ ಗ್ರಾಫ್‌ನಲ್ಲಿ) ವಾಲ್ವ್ ಅರ್ಧ ತೆರೆದಂತೆ ಓರೆಗೆರೆ ಬರುತ್ತದೆ.

ಡಿಸ್ಕಿಗಿಂತ ನನಗೆ ಹೆಚ್ಚು ಚಿಂತೆ ಬೇರೊಂದರದ್ದು. ಯಾವ ರೀಡಿಂಗ್ ಯಾವ ಬ್ಯಾಚಿನದು ಎಂಬುದು ನಿಮ್ಮಲ್ಲಿ ದಾಖಲಾಗುತ್ತಿದೆಯೇ? ಬ್ಯಾಚ್ ನಂಬರ್, ಯೂನಿಟ್ (ಯಾವ ರಿಯಾಕ್ಟರ್), ಫೇಸ್ (ಹೀಟಿಂಗ್, ಹೋಲ್ಡ್‌ನಂಥ ಹಂತ), ಆರಂಭ, ಮುಕ್ತಾಯ, ರೆಸಿಪಿ ಆವೃತ್ತಿ: ಇವುಗಳಿಗೊಂದು ಪ್ರತ್ಯೇಕ ಟೇಬಲ್ ಬೇಕೇ ಬೇಕು. ಒಂದು ರಿಯಾಕ್ಟರ್ ಖಾಲಿಯಾಗುವಾಗ ಇನ್ನೊಂದರಲ್ಲಿ ಮುಂದಿನ ಬ್ಯಾಚ್ ಚಾರ್ಜ್ ಆಗುತ್ತಿರುತ್ತದೆ (ಕಚ್ಚಾವಸ್ತು ತುಂಬುತ್ತಿರುತ್ತದೆ), ಹಾಗಾಗಿ ಯೂನಿಟ್ ಇಲ್ಲದ ಬ್ಯಾಚ್ ನಂಬರ್ ಸಾಲದು. ನಂಬರನ್ನು ಆಪರೇಟರ್ ಕೈಯಲ್ಲಿ ಟೈಪ್ ಮಾಡಿಸಬೇಡಿ. ‘ಬಿ-1042’, ‘ಬಿ1042’ ಎಂದು ಎರಡು ಬ್ಯಾಚ್ ಹುಟ್ಟಿಕೊಳ್ಳುತ್ತವೆ. ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಮತ್ತು ಸರ್ವರ್ ಗಡಿಯಾರಗಳು ಒಂದೇ ಎನ್‌ಟಿಪಿ ಮೂಲ (ನೆಟ್‌ವರ್ಕ್ ಮೂಲಕ ಸಮಯ ಕೊಡುವ ಸರ್ವರ್) ನೋಡಲಿ. ಎರಡು ನಿಮಿಷ ಹೆಚ್ಚುಕಡಿಮೆಯಾದರೂ ಹೀಟಿಂಗ್ ಫೇಸಿನ ಏರಿಕೆ ಹೋಲ್ಡ್ ಫೇಸಿನ ಲೆಕ್ಕಕ್ಕೆ ಹೋಗುತ್ತದೆ.

ಇಷ್ಟಾದ ಮೇಲೆ ಆರ್ಕೈವ್. ಬ್ಯಾಚಿಗೊಂದು ಫೋಲ್ಡರ್ ಮಾಡಿ, ಮೊದಲು ಮತ್ತು ನಂತರದ 15 ನಿಮಿಷ ಸೇರಿಸಿ ರೀಡಿಂಗ್‌ಗಳನ್ನು ಸಿಎಸ್‌ವಿಯಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಫೈಲ್) ತೆಗೆಯಿರಿ. ಅದರ ಜೊತೆ ಅಲಾರಂ ಲಾಗ್, ಆಡಿಟ್ ಟ್ರೇಲ್ (ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ), ಪಿಡಿಎಫ್/ಎ (ದೀರ್ಘಕಾಲ ಇಡಲೆಂದೇ ಇರುವ ಪಿಡಿಎಫ್) ರೂಪದ ಬ್ಯಾಚ್ ವರದಿ ಇರಲಿ. ಅಂದಿನ ಟ್ಯಾಗ್ ಪಟ್ಟಿಯನ್ನೂ ರೇಂಜ್, ಅಳತೆಮಾನ ಸಹಿತ ಇಡಿ. ಟ್ರಾನ್ಸ್‌ಮಿಟರ್ (ಸೆನ್ಸರ್ ಅಳತೆಯನ್ನು ಕಳಿಸುವ ಸಾಧನ) ಬದಲಿಸಿ ರೇಂಜ್ ಬೇರೆಯಾದ ಮೇಲೆ ಹಳೆಯ ಅಂಕಿಗೆ ಅದಿಲ್ಲದೆ ಅರ್ಥವಿಲ್ಲ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಸ್ವಲ್ಪ ಬದಲಾದರೂ ಬೇರೆಯಾಗುವ ಗುರುತಿನ ಸಂಕೇತ) ಬರೆದಿಡಿ. ಮೂರು ಪ್ರತಿ, ಒಂದು ಕಾರ್ಖಾನೆಯ ಹೊರಗೆ. ಆರು ತಿಂಗಳಿಗೊಮ್ಮೆ ಒಂದು ಹಳೆಯ ಬ್ಯಾಚನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಟ್ರೆಂಡ್ ಬಿಡಿಸಿ ನೋಡಿ, ಹ್ಯಾಶ್ ತಾಳೆ ಮಾಡಿ. ಅದಾದ ನಂತರವೇ ಸರ್ವರ್‌ನಿಂದ ಅಳಿಸುವ ಮಾತು.

ಪ್ರಶ್ನೆ: ಎಷ್ಟು ವರ್ಷ ಇಡಬೇಕು? ಟ್ರೆಂಡ್ ಪ್ರಿಂಟ್ ತೆಗೆದು ಫೈಲ್ ಮಾಡಿದರೆ ಸಾಲದೇ?
— ಇನ್ನೊಬ್ಬ ಓದುಗರು

ಉತ್ತರ: ಅಮೆರಿಕಕ್ಕೆ ಹೋಗುವ ಔಷಧವಾದರೆ 21 ಸಿಎಫ್‌ಆರ್ 211.180 (ಅಲ್ಲಿನ ಔಷಧ ತಯಾರಿಕಾ ನಿಯಮ) ಪ್ರಕಾರ ಬ್ಯಾಚಿನ ಎಕ್ಸ್‌ಪೈರಿ ಮುಗಿದು ಕನಿಷ್ಠ 1 ವರ್ಷ. ಯುರೋಪಿಗಾದರೆ ಎಕ್ಸ್‌ಪೈರಿ ನಂತರ 1 ವರ್ಷ ಅಥವಾ ಅರ್ಹ ವ್ಯಕ್ತಿ (ಬ್ಯಾಚ್ ಬಿಡುಗಡೆಗೆ ಒಪ್ಪಿಗೆ ಕೊಡುವ ಅಧಿಕೃತ ತಜ್ಞ) ಪ್ರಮಾಣೀಕರಿಸಿದ ಮೇಲೆ 5 ವರ್ಷ, ಯಾವುದು ಹೆಚ್ಚೋ ಅದು. ಎರಡೂ ಕಡೆ ಕಳಿಸುವವರು ದೀರ್ಘ ಅವಧಿಯನ್ನೇ ಹಿಡಿಯಲಿ. ಪ್ರಿಂಟ್ ಸಾಲದು. ಕಾಗದದ ಗೆರೆಯನ್ನು ಹಿಗ್ಗಿಸಿ ನೋಡಲಾಗದು, ಯಾರು ಯಾವಾಗ ಸೆಟ್‌ಪಾಯಿಂಟ್ (ಯಂತ್ರಕ್ಕೆ ಕೊಟ್ಟ ಗುರಿ ಮೌಲ್ಯ) ಬದಲಿಸಿದರು ಎಂಬುದೂ ಅದರಲ್ಲಿ ಸಿಗದು.